ನಿನ್ನೆ ಓಡಿದ ತಂತ್ರಾಂಶ ಇಂದು ಮುಗ್ಗರಿಸುವುದೇಕೆ?

ಪುತ್ತೂರು: ಒಂದಕ್ಷರವನ್ನೂ ತಿದ್ದದೆ ಬಿಟ್ಟ ತಂತ್ರಾಂಶವೊಂದು ತನ್ನಷ್ಟಕ್ಕೆ ತಾನೇ ಕೆಟ್ಟು ನಿಲ್ಲಬಲ್ಲುದೇ? ನಿಲ್ಲಬಲ್ಲುದು. 2022ರ ಮೇ ತಿಂಗಳ ಕೊನೆಯ ವಾರದಲ್ಲಿ ಪೈಥಾನ್ ಭಾಷೆಯನ್ನು ಬಳಸುವ ಅಸಂಖ್ಯ ತಂತ್ರಜ್ಞರಿಗೆ ಇದರ ಅನುಭವವಾಯಿತು. ಹಿಂದಿನ ದಿನ ಸರಾಗವಾಗಿ ನಡೆದಿದ್ದ ಕಾರ್ಯಕ್ರಮಗಳು, ಹೊಸ ಗಣಕದಲ್ಲಿ ಸ್ಥಾಪಿಸಿದೊಡನೆ ಮೊದಲ ಹೆಜ್ಜೆಯಲ್ಲೇ ಕುಸಿದವು. ತೆರೆಯ ಮೇಲೆ ಮೂಡಿದ ದೂರಿನ ಸಾರ ಇಷ್ಟೇ: ನಿಮ್ಮ ಬಳಿಯಿರುವ ಉತ್ಪಾದಿತ ಕೋಡ್ ಹಳತಾಗಿದೆ, ಅದನ್ನು ಮತ್ತೆ ಉತ್ಪಾದಿಸಿ.

ಕೋಡನ್ನು ಉತ್ಪಾದಿಸುವುದೆಂದರೇನು? ಅದು ಹಳತಾಗುವುದು ಹೇಗೆ? ಒಬ್ಬರು ಎಲ್ಲೋ ಬಿಡುಗಡೆ ಮಾಡಿದ ಹೊಸ ಆವೃತ್ತಿಯಿಂದ ಇನ್ನೊಬ್ಬರ ಕೆಲಸ ಇಲ್ಲೇಕೆ ನಿಲ್ಲಬೇಕು? ಇವು ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಗಳಲ್ಲ. ಸುಳ್ಯದಲ್ಲಿ 1986ರಿಂದ ಕೆ.ವಿ.ಜಿ. ಎಂಜಿನಿಯರಿಂಗ್ ಕಾಲೇಜು, ಪುತ್ತೂರಿನಲ್ಲಿ 2001ರಿಂದ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜು ನಡೆಯುತ್ತಿವೆ. ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟ್ ಒಪ್ಪಿಸಲೇಬೇಕು. 2020ರ ಲಾಕ್‌ಡೌನ್ ಬಳಿಕ ಊರಿನ ಮನೆಯಲ್ಲಿ ಕುಳಿತೇ ತಂತ್ರಾಂಶದ ಕೆಲಸ ಮಾಡುವ ರೂಢಿಯೂ ಬೆಳೆದಿದೆ. ಪರೀಕ್ಷಕರ ಎದುರು ತೆರೆಯಬೇಕಾದ ಪ್ರಾಜೆಕ್ಟ್ ತೆರೆಯದಿದ್ದರೆ ಹೋಗುವುದು ಅಂಕ. ಗ್ರಾಹಕರಿಗೆ ಕೊಡಬೇಕಾದ ದಿನ ಬಿಲ್ಡ್ ಆಗದಿದ್ದರೆ ಹೋಗುವುದು ಮಾತು. ಎರಡೂ ಕಡೆ ಕಾರಣ ಹೆಚ್ಚಾಗಿ ಒಂದೇ: ಅವಲಂಬನೆಗಳ ಆವೃತ್ತಿ ತಿಕ್ಕಾಟ. ತಂತ್ರಜ್ಞರು ಇದನ್ನು ಡಿಪೆಂಡೆನ್ಸಿ ಕಾನ್‌ಫ್ಲಿಕ್ಟ್ ಎನ್ನುತ್ತಾರೆ.

ಎರವಲು ಸಾಮಗ್ರಿಯ ಮನೆ

ಇಂದು ಯಾರೂ ತಂತ್ರಾಂಶವನ್ನು ಬುಡದಿಂದ ತುದಿಯವರೆಗೆ ತಾವೇ ಬರೆಯುವುದಿಲ್ಲ. ದಿನಾಂಕವನ್ನು ಓದಲು ಒಂದು ಲೈಬ್ರರಿ, ಸರ್ವರ್‌ನೊಡನೆ ಮಾತನಾಡಲು ಮತ್ತೊಂದು, ಮಾಹಿತಿಯನ್ನು ಮೊಬೈಲ್‌ನಲ್ಲಿ ಕೂಡಿಡಲು ಮಗದೊಂದು. ಇವೆಲ್ಲ ಅಂತರ್ಜಾಲದಲ್ಲಿ ಸಿದ್ಧವಾಗಿ ಸಿಗುತ್ತವೆ. ನಾವು ಆರಿಸಿಕೊಂಡ ಲೈಬ್ರರಿಯೂ ತನ್ನ ಕೆಲಸಕ್ಕೆ ಬೇರೆ ಲೈಬ್ರರಿಗಳನ್ನು ನೆಚ್ಚಿಕೊಂಡಿರುತ್ತದೆ. ಅವು ಇನ್ನೂ ಕೆಲವನ್ನು. ಹೀಗೆ ನಾವು ಹೆಸರಿಸಿ ತಂದುದು ಹತ್ತು ಇದ್ದರೆ, ಅವುಗಳ ಬೆನ್ನ ಹಿಂದೆ ಹೇಳದೆ ಬಂದು ಕೂರುವವು ನೂರನ್ನು ಮೀರುವುದುಂಟು.

ಪ್ರತಿಯೊಂದು ಲೈಬ್ರರಿಗೂ ಆವೃತ್ತಿ ಸಂಖ್ಯೆಯಿದೆ. ಬಹುತೇಕ ಮಂದಿ ಒಪ್ಪಿಕೊಂಡಿರುವ ಪದ್ಧತಿಯಂತೆ ಅದರಲ್ಲಿ ಮೂರು ಅಂಕಿಗಳಿರುತ್ತವೆ. 4.21.0 ಎಂದರೆ 4 ಪ್ರಧಾನ ಅಂಕಿ, 21 ಉಪ ಅಂಕಿ, 0 ತಿದ್ದುಪಡಿ ಅಂಕಿ. ದೋಷವನ್ನಷ್ಟೇ ಸರಿಪಡಿಸಿದ್ದರೆ ಕೊನೆಯ ಅಂಕಿ ಏರುತ್ತದೆ. ಹಳೆಯದನ್ನು ಕೆಡಿಸದೆ ಹೊಸ ಸೌಲಭ್ಯ ಸೇರಿಸಿದರೆ ನಡುವಿನದು ಏರುತ್ತದೆ. ಹಳೆಯ ಬಳಕೆದಾರರ ಕೆಲಸ ಕೆಡಬಹುದಾದ ಬದಲಾವಣೆಯಾದರೆ ಮೊದಲಿನದು ಏರಬೇಕು.

ಕಬಕ ಪುತ್ತೂರು ನಿಲ್ದಾಣದ ಮೂಲಕ ಸುಬ್ರಹ್ಮಣ್ಯ ರೋಡ್ ಕಡೆಗೆ ಸಾಗುವ ರೈಲು ಹಳಿಯನ್ನು ನೆನೆದರೆ ಈ ಮೂರು ಅಂಕಿಗಳು ಸುಲಭವಾಗಿ ಅರ್ಥವಾಗುತ್ತವೆ. ಬೋಗಿಯ ಹರಿದ ಆಸನವನ್ನು ಹೊಲಿಸಿದರೆ ಅದು ತಿದ್ದುಪಡಿ. ರೈಲಿಗೆ ಹೊಸ ಬೋಗಿಯೊಂದನ್ನು ಜೋಡಿಸಿದರೆ ಅದು ಉಪ ಆವೃತ್ತಿ. ಹಳೆಯ ಬೋಗಿಗಳಿಗೆ ಅದರಿಂದ ಬಾಧಕವಿಲ್ಲ. ಆದರೆ ಮಂಗಳೂರು-ಹಾಸನ ಮಾರ್ಗದಲ್ಲಿ ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕಿದ್ದು ಪ್ರಧಾನ ಬದಲಾವಣೆ. ಹಳಿಗಳ ನಡುವಿನ ಅಂತರ 1,000 ಮಿಲಿಮೀಟರ್‌ನಿಂದ 1,676 ಮಿಲಿಮೀಟರ್‌ಗೆ ಏರಿತು. ಹಳೆಯ ಎಂಜಿನ್ ಎಷ್ಟೇ ಸುಸ್ಥಿತಿಯಲ್ಲಿದ್ದರೂ ಹೊಸ ಹಳಿಯ ಮೇಲೆ ಓಡದು. ಬೆಂಗಳೂರು-ಮಂಗಳೂರು ನಡುವೆ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಪ್ರಧಾನ ಬದಲಾವಣೆಗೆ ತೆರಬೇಕಾದ ಬೆಲೆ ಅಂಥದ್ದು.

ಈಗ ತಿಕ್ಕಾಟ ಹುಟ್ಟುವ ಬಗೆ ನೋಡಿ. ನಿಮ್ಮ ತಂತ್ರಾಂಶಕ್ಕೆ ಎರಡು ಲೈಬ್ರರಿಗಳು ಬೇಕು. ಎರಡೂ ಮೂರನೆಯ ಒಂದೇ ಲೈಬ್ರರಿಯನ್ನು ನೆಚ್ಚಿವೆ. ಆದರೆ ಒಂದು ಅದರ ಮೀಟರ್ ಗೇಜ್ ಆವೃತ್ತಿಯನ್ನು ಕೇಳುತ್ತದೆ, ಇನ್ನೊಂದು ಬ್ರಾಡ್ ಗೇಜ್ ಆವೃತ್ತಿಯನ್ನು. ಹಾಕಲು ಇರುವುದು ಒಂದೇ ಹಳಿ. ತಪ್ಪು ನಿಮ್ಮದೂ ಅಲ್ಲ, ಆ ಎರಡು ಲೈಬ್ರರಿಗಳದ್ದೂ ಅಲ್ಲ; ಆದರೆ ರೈಲು ಮಾತ್ರ ಹೊರಡುವುದಿಲ್ಲ.

ಕೋಡ್ ಬರೆಯುವ ಕೋಡ್

ಸಾಮಾನ್ಯ ಲೈಬ್ರರಿಗಳ ವಿಷಯ ಇಷ್ಟಾದರೆ, ಕೋಡ್ ಜನರೇಟರ್‌ಗಳ ವಿಷಯದಲ್ಲಿ ಗಂಟು ಇನ್ನೊಂದು ಸುತ್ತು ಬಿಗಿಯುತ್ತದೆ. ತಂತ್ರಾಂಶದಲ್ಲಿ ಬೇಸರ ಹುಟ್ಟಿಸುವಷ್ಟು ಒಂದೇ ಬಗೆಯ ಸಾಲುಗಳು ಇರುತ್ತವೆ. ಒಬ್ಬ ರೈತನ ವಿವರದಲ್ಲಿ ಹೆಸರು, ಗ್ರಾಮ, ತಾಲೂಕು, ಸರ್ವೆ ನಂಬರ್ ಎಂಬ ನಾಲ್ಕು ಅಂಶಗಳಿದ್ದರೆ, ಆ ನಾಲ್ಕನ್ನೂ ಓದುವುದಕ್ಕೆ, ಬರೆಯುವುದಕ್ಕೆ, ಹೋಲಿಸುವುದಕ್ಕೆ, ಸರ್ವರ್‌ಗೆ ಕಳುಹಿಸುವುದಕ್ಕೆ ಪ್ರತ್ಯೇಕ ಸಾಲುಗಳು ಬೇಕು. ಇದನ್ನು ಕೈಯಲ್ಲಿ ಬರೆಯುವ ಬದಲು, ವಿವರದ ನಕ್ಷೆಯನ್ನಷ್ಟೇ ಕೊಟ್ಟರೆ ಉಳಿದುದನ್ನು ತಾನೇ ಬರೆದುಕೊಡುವ ಉಪಕರಣವೇ ಕೋಡ್ ಜನರೇಟರ್. ಗೂಗಲ್ 2008ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಪ್ರೊಟೊಕಾಲ್ ಬಫರ್ಸ್, ಸಂಕ್ಷಿಪ್ತವಾಗಿ ಪ್ರೊಟೊಬಫ್, ಈ ಬಗೆಯದು. ಜಾವಾದ ಲೋಂಬೋಕ್ ಮತ್ತು ಮ್ಯಾಪ್‌ಸ್ಟ್ರಕ್ಟ್, ಫ್ಲಟ್ಟರ್‌ನಲ್ಲಿ ಬಿಲ್ಡ್ ರನ್ನರ್ ಮೂಲಕ ನಡೆಯುವ ಹತ್ತಾರು ಜನರೇಟರ್‌ಗಳು ಇದೇ ಕುಲದವು.

ಇಲ್ಲಿ ಗಮನಿಸಬೇಕಾದುದು ಒಂದು ಮುಖ್ಯ ಸಂಗತಿ. ಸಾಮಾನ್ಯ ಲೈಬ್ರರಿಯಲ್ಲಿ ಹೊಂದಿಕೆಯಾಗಬೇಕಾದವು ಎರಡು: ನಮ್ಮ ಕೋಡ್ ಮತ್ತು ಆ ಲೈಬ್ರರಿ. ಜನರೇಟರ್ ಬಂದಾಗ ಹೊಂದಿಕೆಯಾಗಬೇಕಾದವು ಮೂರು: ಕೋಡನ್ನು ಬರೆಯುವ ಜನರೇಟರ್, ಅದು ಬರೆದಿಟ್ಟ ಕಡತ, ಆ ಕಡತವನ್ನು ನಡೆಸುವ ಲೈಬ್ರರಿ. ಈ ಮೂರರಲ್ಲಿ ಯಾವುದೊಂದು ಮುಂದೆ ಹೋದರೂ, ಹಿಂದೆ ಉಳಿದರೂ ತೊಡಕು ತಪ್ಪಿದ್ದಲ್ಲ.

ಕಡಬ ತಾಲೂಕಿನ ಪಾಠ

ಈ ಮೂರರ ಸಂಬಂಧವನ್ನು ತಿಳಿಯಲು ನಮ್ಮ ಜಿಲ್ಲೆಯ ಭೂಪಟವೇ ಸಾಕು. 2011ರ ಜನಗಣತಿಯ ವೇಳೆ ದಕ್ಷಿಣ ಕನ್ನಡದಲ್ಲಿದ್ದುದು ಮಂಗಳೂರು, ಬಂಟ್ವಾಳ, ಬೆಳ್ತಂಗಡಿ, ಪುತ್ತೂರು, ಸುಳ್ಯ ಎಂಬ 5 ತಾಲೂಕುಗಳು. ಅನಂತರ ಕಡಬ ಪ್ರತ್ಯೇಕ ತಾಲೂಕಾಯಿತು. ಪುತ್ತೂರಿಗೆ ಸೇರಿದ್ದ ಕಡಬ, ಸುಳ್ಯಕ್ಕೆ ಸೇರಿದ್ದ ಸುಬ್ರಹ್ಮಣ್ಯ ಎರಡೂ ಹೊಸ ತಾಲೂಕಿನ ಪಾಲಾದವು.

ಕಚೇರಿಯೊಂದರಲ್ಲಿ ಗ್ರಾಮಗಳ ಮೂಲ ಪಟ್ಟಿಯಿದೆ ಎಂದು ಭಾವಿಸೋಣ. ಆ ಪಟ್ಟಿಯನ್ನು ಓದಿ ಅರ್ಜಿ ನಮೂನೆಗಳನ್ನು ಮುದ್ರಿಸಿಕೊಡುವ ಯಂತ್ರವೊಂದಿದೆ. ತುಂಬಿದ ಅರ್ಜಿಯನ್ನು ಪರಿಶೀಲಿಸುವ ಇನ್ನೊಂದು ಯಂತ್ರ ಕೌಂಟರಿನಲ್ಲಿದೆ. ಮುದ್ರಣ ಯಂತ್ರ ಜನರೇಟರ್; ಮುದ್ರಿತ ನಮೂನೆ ಉತ್ಪಾದಿತ ಕಡತ; ಕೌಂಟರಿನ ಯಂತ್ರ ನಡೆಸುವ ಲೈಬ್ರರಿ. ಹಳೆಯ ಪಟ್ಟಿಯಿಂದ ಮುದ್ರಿಸಿಟ್ಟ ನಮೂನೆಯಲ್ಲಿ ಸುಬ್ರಹ್ಮಣ್ಯದ ಮುಂದೆ ಸುಳ್ಯ ತಾಲೂಕು ಎಂದಿದೆ. ಕೌಂಟರಿನ ಯಂತ್ರಕ್ಕೆ ಹೊಸ ಪಟ್ಟಿ ಬಂದಿದೆ. ಸುಳ್ಯ ತಾಲೂಕಿನಲ್ಲಿ ಆ ಹೆಸರಿನ ಗ್ರಾಮವಿಲ್ಲ ಎಂದು ಅದು ಅರ್ಜಿಯನ್ನು ಹಿಂದಿರುಗಿಸುತ್ತದೆ. ಅರ್ಜಿದಾರರು ಸುಳ್ಳು ಬರೆದಿಲ್ಲ, ಯಂತ್ರವೂ ಕೆಟ್ಟಿಲ್ಲ. ಇಬ್ಬರ ಕೈಯಲ್ಲಿರುವ ಆವೃತ್ತಿಗಳು ಬೇರೆ ಬೇರೆ, ಅಷ್ಟೇ.

ಇಲ್ಲಿ ಮೂರು ದಾರಿಗಳಿವೆ. ನಮೂನೆಯಲ್ಲಿ ಸುಳ್ಯ ಎಂಬುದನ್ನು ಗೀಚಿ ಕಡಬ ಎಂದು ಪೆನ್ನಿನಲ್ಲಿ ಬರೆಯುವುದು ಮೊದಲನೆಯದು. ಒಂದು ಅರ್ಜಿ ಪಾರಾಗುತ್ತದೆ, ಮುಂದಿನ ಮುದ್ರಣದಲ್ಲಿ ಅದೇ ತಪ್ಪು ಮರಳುತ್ತದೆ. ಕೌಂಟರಿನ ಯಂತ್ರಕ್ಕೆ ಹಳೆಯ ಪಟ್ಟಿಯನ್ನೇ ಮತ್ತೆ ಹಾಕುವುದು ಎರಡನೆಯದು. ಸದ್ಯಕ್ಕೆ ಸಾಲು ಕರಗುತ್ತದೆ, ಆದರೆ ಹೊಸ ತಾಲೂಕು ಇಲ್ಲವೆಂದು ಎಷ್ಟು ದಿನ ನಟಿಸಲಾದೀತು? ಹೊಸ ಪಟ್ಟಿಯಿಂದ ನಮೂನೆಗಳನ್ನು ಹೊಸದಾಗಿ ಮುದ್ರಿಸುವುದು ಮೂರನೆಯದು. ಶಾಶ್ವತ ಪರಿಹಾರ ಇದೊಂದೇ.

2022ರ ಮೇ ತಿಂಗಳಲ್ಲಿ ನಡೆದುದೂ ಇದೇ. ಪ್ರೊಟೊಬಫ್‌ನ ಪೈಥಾನ್ ಲೈಬ್ರರಿಯ 4.21.0 ಆವೃತ್ತಿ ಬಿಡುಗಡೆಯಾಯಿತು. ಅದರ ಒಳಗಿನ ಯಂತ್ರವನ್ನೇ ಬದಲಿಸಲಾಗಿತ್ತು; ಆದ್ದರಿಂದ ನಿಯಮದಂತೆ ಪ್ರಧಾನ ಅಂಕಿ 3ರಿಂದ 4ಕ್ಕೆ ಏರಿತ್ತು. 3.19ಕ್ಕಿಂತ ಹಳೆಯ ಜನರೇಟರ್ ಬರೆದಿಟ್ಟ ಕಡತಗಳನ್ನು ಅದು ಒಪ್ಪಲಿಲ್ಲ. ಕೃತಕ ಬುದ್ಧಿಮತ್ತೆಯ ಪ್ರಾಜೆಕ್ಟ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಟೆನ್ಸರ್‌ಫ್ಲೋ ಪ್ರೊಟೊಬಫನ್ನು ನೆಚ್ಚಿದ್ದರೂ, ಯಾವ ಆವೃತ್ತಿಯನ್ನು ಮೀರಬಾರದು ಎಂಬ ಮೇಲ್ಮಿತಿಯನ್ನು ಹಾಕಿಕೊಂಡಿರಲಿಲ್ಲ. ಹೀಗಾಗಿ ಹೊಸದಾಗಿ ಸ್ಥಾಪಿಸಿದವರಿಗೆಲ್ಲ ಹೊಸ ಲೈಬ್ರರಿಯೇ ಬಂದು ಕುಳಿತಿತು. ಟೆನ್ಸರ್‌ಫ್ಲೋ ತಂಡ 2.9.1 ಆವೃತ್ತಿಯಲ್ಲಿ ಆ ಮೇಲ್ಮಿತಿಯನ್ನು ಸೇರಿಸಿತು. ಅಲ್ಲಿಯವರೆಗೆ ಜನ ಪ್ರೊಟೊಬಫನ್ನು 3.20ಕ್ಕೆ ಇಳಿಸಿಕೊಂಡು ಕೆಲಸ ಸಾಗಿಸಿದರು. ಇದು ಮೇಲೆ ಹೇಳಿದ ಎರಡನೆಯ ದಾರಿ. ತುರ್ತಿಗೆ ಸರಿ, ಶಾಶ್ವತಕ್ಕಲ್ಲ.

ಈ ಅನುಭವದ ಬಳಿಕ ಪ್ರೊಟೊಬಫ್ ತಂಡ ತನ್ನ ನಿಯಮವನ್ನು ಸ್ಪಷ್ಟವಾಗಿ ಬರೆದಿಟ್ಟಿದೆ. ಹೊಸ ಜನರೇಟರ್ ಬರೆದ ಕಡತವನ್ನು ಹಳೆಯ ಲೈಬ್ರರಿಯೊಂದಿಗೆ ಎಂದೂ ನಡೆಸಬಾರದು. ಹಳೆಯ ಕಡತವನ್ನು ಹೊಸ ಲೈಬ್ರರಿಯೊಂದಿಗೆ ನಡೆಸಬಹುದು, ಆದರೆ ಹೆಚ್ಚೆಂದರೆ ಮುಂದಿನ ಒಂದು ಪ್ರಧಾನ ಆವೃತ್ತಿಯವರೆಗೆ ಮಾತ್ರ. 2024ರಿಂದೀಚಿನ ಪೈಥಾನ್ ಆವೃತ್ತಿಗಳು ಕಡತದ ಆವೃತ್ತಿಯನ್ನು ತಾವೇ ಪರೀಕ್ಷಿಸಿ, ಹೊಂದಿಕೆಯಿಲ್ಲದಿದ್ದರೆ ಎರಡೂ ಸಂಖ್ಯೆಗಳನ್ನು ತೋರಿಸಿ ನಿಲ್ಲುತ್ತವೆ.

ಪಂಚಾಯಿತಿಗೆ ಹಲವು ನ್ಯಾಯ

ಎರಡು ಲೈಬ್ರರಿಗಳು ಒಂದೇ ಲೈಬ್ರರಿಯ ಬೇರೆ ಬೇರೆ ಆವೃತ್ತಿಗಳನ್ನು ಕೇಳಿದಾಗ ತೀರ್ಪು ಕೊಡುವುದು ಬಿಲ್ಡ್ ಉಪಕರಣದ ಕೆಲಸ. ಸೋಜಿಗವೆಂದರೆ ಒಂದೊಂದು ಉಪಕರಣದ ನ್ಯಾಯವೂ ಒಂದೊಂದು ಬಗೆ. ಜಾವಾ ಜಗತ್ತಿನ ಮೇವನ್, ಅವಲಂಬನೆಯ ಮರದಲ್ಲಿ ನಮಗೆ ಹತ್ತಿರವಿರುವ ಆವೃತ್ತಿಯನ್ನು ಆರಿಸುತ್ತದೆ. ಅದು ಹಳೆಯದೇ ಆಗಿದ್ದರೂ ಸರಿ. ಗ್ರೇಡಲ್ ಸಾಮಾನ್ಯವಾಗಿ ಕೇಳಿದವುಗಳಲ್ಲಿ ಅತ್ಯಂತ ಹೊಸದನ್ನು ಎತ್ತಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್‌ನ ಎನ್‌ಪಿಎಂ ಜಗಳವಾಡುವವರಿಗೆ ಪ್ರತ್ಯೇಕ ಪ್ರತಿಗಳನ್ನೇ ಕೊಟ್ಟು ಸಮಾಧಾನಪಡಿಸುತ್ತದೆ. ಗೋ ಭಾಷೆಯ ಉಪಕರಣ, ಎಲ್ಲರ ಕನಿಷ್ಠ ಬೇಡಿಕೆಗಳನ್ನು ನೋಡಿ ಅವನ್ನು ಪೂರೈಸುವ ಅತ್ಯಂತ ಹಳೆಯ ಆವೃತ್ತಿಯಲ್ಲಿ ನಿಲ್ಲುತ್ತದೆ. ಫ್ಲಟ್ಟರ್ ಬಳಸುವ ಡಾರ್ಟ್ ಭಾಷೆಯ ಪಬ್ ಉಪಕರಣ, ಪ್ರತಿ ಲೈಬ್ರರಿಗೂ ಒಂದೇ ಆವೃತ್ತಿ ಎನ್ನುತ್ತದೆ. ಎಲ್ಲರಿಗೂ ಒಪ್ಪಿಗೆಯಾಗುವಂಥದು ಸಿಗದಿದ್ದರೆ ಮುಂದುವರಿಯಲು ನಿರಾಕರಿಸುತ್ತದೆ. ಪೈಥಾನ್‌ನ ಪಿಪ್ 2020ರ ನವೆಂಬರ್‌ನಲ್ಲಿ ಬಂದ 20.3 ಆವೃತ್ತಿಯಿಂದ ಇದೇ ಬಗೆಯ ಕಟ್ಟುನಿಟ್ಟು ತೋರುತ್ತಿದೆ. ಅದಕ್ಕೆ ಮುಂಚೆ ತಿಕ್ಕಾಟವಿದ್ದರೂ ಮೊದಲು ಕಂಡುದನ್ನೇ ಸ್ಥಾಪಿಸಿಬಿಡುತ್ತಿತ್ತು.

ನಿರಾಕರಿಸುವ ಉಪಕರಣವನ್ನು ಹೊಸಬರು ಶಪಿಸುತ್ತಾರೆ. ವಾಸ್ತವದಲ್ಲಿ ಅದೇ ನಿಜವಾದ ಹಿತೈಷಿ. ಬಿಲ್ಡ್ ವೇಳೆಯಲ್ಲೇ ತಡೆದರೆ ತೊಡಕು ನಮ್ಮ ಮೇಜಿನ ಮೇಲೆ ಉಳಿಯುತ್ತದೆ. ಮೌನವಾಗಿ ಒಂದನ್ನು ಆರಿಸಿ ಮುಂದೆ ಬಿಟ್ಟರೆ ಅದು ಬಳಕೆದಾರರ ಕೈಯಲ್ಲಿ ಸ್ಫೋಟಿಸುತ್ತದೆ. ಜಾವಾದಲ್ಲಿ ಎಲ್ಲ ಸರಿಯಿದ್ದಂತೆ ಕಂಡು, ಓಡುವಾಗ ಇಂಥ ಮೆಥಡ್ ಇಲ್ಲವೆಂಬ ದೋಷ ಕಾಣಿಸಿಕೊಳ್ಳುವುದು ಹೆಚ್ಚಾಗಿ ಹೀಗೆಯೇ.

ಉಪಕರಣಕ್ಕೂ ಇದು ಸುಲಭದ ಕೆಲಸವಲ್ಲ. 20 ಲೈಬ್ರರಿಗಳಿದ್ದು ಒಂದೊಂದಕ್ಕೆ 10 ಆವೃತ್ತಿಗಳಿದ್ದರೆ, ಸಾಧ್ಯವಿರುವ ಜೋಡಣೆಗಳ ಸಂಖ್ಯೆ 1ರ ಮುಂದೆ 20 ಸೊನ್ನೆಗಳಷ್ಟು. ಎಲ್ಲ ಸನ್ನಿವೇಶಗಳಲ್ಲೂ ಬೇಗನೆ ಉತ್ತರ ಕೊಡುವ ಸೂತ್ರ ಯಾರಿಗೂ ಗೊತ್ತಿಲ್ಲದ ಲೆಕ್ಕಗಳ ಸಾಲಿಗೆ ಇದೂ ಸೇರುತ್ತದೆ. ಡಾರ್ಟ್ ತಂಡದ ನಟಾಲಿ ವೈಝೆನ್‌ಬಾಮ್ 2018ರಲ್ಲಿ ಪಬ್‌ಗ್ರಬ್ ಎಂಬ ಕ್ರಮವಿಧಾನವನ್ನು ಪ್ರಕಟಿಸಿದರು. ಹೊಂದಿಕೆ ಏಕೆ ಸಾಧ್ಯವಿಲ್ಲ ಎಂಬುದನ್ನು ಹಂತ ಹಂತವಾಗಿ ವಿವರಿಸುವುದು ಅದರ ಹೆಚ್ಚುಗಾರಿಕೆ. ಪೈಥಾನ್‌ನ ಪೊಯೆಟ್ರಿ, ಯುವಿ ಮುಂತಾದ ಉಪಕರಣಗಳೂ ಈಗ ಅದೇ ದಾರಿ ಹಿಡಿದಿವೆ.

ಅಡಿಕೆ ಧಾರಣೆಯ ಒಂದು ಉದಾಹರಣೆ

ಪರಿಹಾರದ ಕ್ರಮವನ್ನು ತಿಳಿಯಲು ಒಂದು ಪ್ರಾಜೆಕ್ಟನ್ನು ಕಲ್ಪಿಸಿಕೊಳ್ಳೋಣ. ದಿನದ ಅಡಿಕೆ ಧಾರಣೆಯನ್ನು ಸರ್ವರ್‌ನಿಂದ ತಂದು ತೋರಿಸುವ ಮೊಬೈಲ್ ಅಪ್ಲಿಕೇಶನ್ ಅದು, ಫ್ಲಟ್ಟರ್‌ನಲ್ಲಿ ಬರೆದದ್ದು. ಕಡಬ, ಸುಳ್ಯದ ಒಳನಾಡಿನಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದೊಡನೆ ಸಿಗ್ನಲ್ ಕೂಡ ಹೋಗುವುದು ಹೊಸತಲ್ಲ. ಆದ್ದರಿಂದ ಕೊನೆಯ ಬಾರಿ ಸಿಕ್ಕ ಧಾರಣೆಯನ್ನು ಮೊಬೈಲ್‌ನಲ್ಲೇ ಕೂಡಿಡಬೇಕು. ಅದಕ್ಕೆ ಹೈವ್ ಎಂಬ ಲೈಬ್ರರಿ, ಜೊತೆಗೆ ಅದರ ಹೈವ್ ಜನರೇಟರ್. ಸರ್ವರ್ ಕಳುಹಿಸಿದ ಮಾಹಿತಿಯನ್ನು ಓದುವ ಕೋಡ್ ಬರೆಯಲು ಜೇಸನ್ ಸೀರಿಯಲೈಸಬಲ್ ಎಂಬ ಇನ್ನೊಂದು ಜನರೇಟರ್.

ಎರಡೂ ಜನರೇಟರ್‌ಗಳಿಗೆ ಆಧಾರ ಸೋರ್ಸ್ ಜೆನ್ ಎಂಬ ಒಂದೇ ಲೈಬ್ರರಿ. ಹೈವ್ ಜನರೇಟರ್‌ನ 2.0.1 ಆವೃತ್ತಿ ಸೋರ್ಸ್ ಜೆನ್‌ನ 1ನೆಯ ಪ್ರಧಾನ ಆವೃತ್ತಿಯನ್ನಷ್ಟೇ ಒಪ್ಪುತ್ತದೆ. ಜೇಸನ್ ಸೀರಿಯಲೈಸಬಲ್‌ನ ಹೊಸ ಆವೃತ್ತಿಗಳು 2 ಅಥವಾ ಅದಕ್ಕಿಂತ ಮೇಲಿನದನ್ನು ಬೇಡುತ್ತವೆ. ಪಬ್ ಉಪಕರಣ ಹೊಂದಿಕೆ ಅಸಾಧ್ಯವೆಂದು ನಿಲ್ಲುತ್ತದೆ. ಈಗ ಮಾಡಬೇಕಾದುದೇನು?

ಮೊದಲನೆಯದಾಗಿ, ದೋಷದ ಸಂದೇಶವನ್ನು ಕೊನೆಯವರೆಗೆ ಓದಬೇಕು. ಕೆಂಪಕ್ಷರ ಕಂಡೊಡನೆ ಅದನ್ನು ನಕಲಿಸಿ ಹುಡುಕುವ ಅಭ್ಯಾಸ ಹಲವರದು. ಆದರೆ ಯಾರು ಯಾರನ್ನು ಕೇಳಿದರು, ಎಲ್ಲಿ ದಾರಿ ಕವಲೊಡೆಯಿತು ಎಂಬುದು ಆ ಸಂದೇಶದಲ್ಲೇ ಇರುತ್ತದೆ. ಸಂದೇಶ ಅಸ್ಪಷ್ಟವಾಗಿದ್ದರೆ ಅವಲಂಬನೆಯ ಮರವನ್ನು ಮುದ್ರಿಸಿ ನೋಡಬಹುದು. ಮೇವನ್‌ನಲ್ಲಿ ಡಿಪೆಂಡೆನ್ಸಿ ಟ್ರೀ, ಗ್ರೇಡಲ್‌ನಲ್ಲಿ ಡಿಪೆಂಡೆನ್ಸಿ ಇನ್‌ಸೈಟ್, ಪಬ್‌ನಲ್ಲಿ ಡೆಪ್ಸ್ ಎಂಬ ಆದೇಶಗಳು ಇದಕ್ಕಾಗಿಯೇ ಇವೆ.

ಎರಡನೆಯದಾಗಿ, ಹಿಂದುಳಿದವರನ್ನು ಮುಂದೆ ತರಲು ಸಾಧ್ಯವೇ ಎಂದು ನೋಡಬೇಕು. ಹೈವ್ ಜನರೇಟರ್‌ಗೆ ಹೊಸ ಆವೃತ್ತಿ ಇದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲದಿದ್ದಾಗ ಮುಂದೆ ಹೋದವರನ್ನು ಸ್ವಲ್ಪ ಹಿಂದಕ್ಕೆ ಕರೆಯಬಹುದು: ಜೇಸನ್ ಸೀರಿಯಲೈಸಬಲ್‌ನ ಹಳೆಯ ಆವೃತ್ತಿಗಳಲ್ಲಿ ಸೋರ್ಸ್ ಜೆನ್ 1ನ್ನು ಒಪ್ಪುವುದನ್ನು ಆರಿಸುವುದು. ಪ್ರಾಜೆಕ್ಟ್ ಒಪ್ಪಿಸುವ ದಿನ ನಾಳೆಯೇ ಆಗಿದ್ದರೆ ಇದೇ ಸುರಕ್ಷಿತ.

ಮೂರನೆಯದಾಗಿ, ಪೋಷಕರಿಲ್ಲದ ಲೈಬ್ರರಿಯನ್ನು ಬಿಡುವ ಧೈರ್ಯ ಬೇಕು. ಹೊಸ ಬಿಡುಗಡೆಯಿಲ್ಲದೆ ವರ್ಷಗಳು ಕಳೆದರೆ ತಿಕ್ಕಾಟ ಪ್ರತಿ ಆರು ತಿಂಗಳಿಗೊಮ್ಮೆ ಮರುಕಳಿಸುತ್ತದೆ. ಹೈವ್‌ನ ವಿಷಯದಲ್ಲಿ ಬಳಕೆದಾರರ ಸಮುದಾಯವೇ ಹೈವ್ ಸಿಇ ಎಂಬ ಮುಂದುವರಿಕೆಯನ್ನು ನಡೆಸುತ್ತಿದೆ. ಅದಕ್ಕೆ ಬದಲಾಯಿಸಿಕೊಂಡವರು ಈ ಗಂಟಿನಿಂದ ಪಾರಾದರು.

ನಾಲ್ಕನೆಯದು, ಹೆಚ್ಚು ಮಂದಿಗೆ ತಿಳಿಯದ ಉಪಾಯ: ಜಗಳವಾಡುವ ಜನರೇಟರ್‌ಗಳನ್ನು ಬೇರೆ ಬೇರೆ ಮನೆಯಲ್ಲಿ ಇರಿಸುವುದು. ಜನರೇಟರ್ ಬೇಕಾಗುವುದು ಕೋಡ್ ಬರೆಯುವಾಗ ಮಾತ್ರ. ಅಪ್ಲಿಕೇಶನ್ ಓಡುವಾಗ ಅದರ ಅಗತ್ಯವಿಲ್ಲ. ಧಾರಣೆಯನ್ನು ಕೂಡಿಡುವ ಭಾಗವನ್ನು ಪ್ರತ್ಯೇಕ ಪ್ಯಾಕೇಜ್ ಆಗಿ ಮಾಡಿ, ಹೈವ್ ಜನರೇಟರನ್ನು ಅದರ ಡೆವ್ ಡಿಪೆಂಡೆನ್ಸಿ ಎಂದು ಬರೆದು, ಅಲ್ಲೇ ಕೋಡ್ ಉತ್ಪಾದಿಸಿ ಇಟ್ಟರೆ ಸಾಕು. ಮುಖ್ಯ ಪ್ರಾಜೆಕ್ಟನ್ನು ಬಿಲ್ಡ್ ಮಾಡುವಾಗ ಒಳಗಿನ ಪ್ಯಾಕೇಜ್‌ನ ಡೆವ್ ಡಿಪೆಂಡೆನ್ಸಿಗಳನ್ನು ಪಬ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಬ್ಬರೂ ಎದುರುಬದುರಾಗದಿದ್ದರೆ ಜಗಳವೂ ಇಲ್ಲ. ಪೈಥಾನ್‌ನಲ್ಲಿ ಜನರೇಟರ್‌ಗೆಂದೇ ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ ಇಡುವುದು ಇದೇ ತತ್ತ್ವ. ಆದರೆ ಉತ್ಪಾದಿತ ಕಡತ ಮತ್ತು ಅದನ್ನು ನಡೆಸುವ ಲೈಬ್ರರಿ ಹೊಂದಿಕೊಳ್ಳಲೇಬೇಕು ಎಂಬುದನ್ನು ಮರೆಯುವಂತಿಲ್ಲ.

ಕೊನೆಯ ಅಸ್ತ್ರ ಬಲವಂತ. ಯಾರು ಏನೇ ಕೇಳಲಿ, ಈ ಆವೃತ್ತಿಯನ್ನೇ ಕೊಡು ಎಂದು ಆಜ್ಞಾಪಿಸುವ ಅವಕಾಶ ಬಹುತೇಕ ಉಪಕರಣಗಳಲ್ಲಿದೆ. ಪಬ್‌ನಲ್ಲಿ ಡಿಪೆಂಡೆನ್ಸಿ ಓವರ್‌ರೈಡ್ಸ್, ಎನ್‌ಪಿಎಂನಲ್ಲಿ ಓವರ್‌ರೈಡ್ಸ್ ಎಂದು ಬರೆದರಾಯಿತು. ಕೆಂಪಕ್ಷರ ಮಾಯವಾಗುತ್ತದೆ, ಆದರೆ ಕಾರಣ ಮಾಯವಾಗಿರುವುದಿಲ್ಲ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಇದೇ ಮೊದಲಿಗೆ ಕಾಣುವುದರಿಂದ ಹೊಸಬರು ಇದನ್ನೇ ಮೊದಲು ಹಿಡಿಯುತ್ತಾರೆ. ಬಳಸಲೇಬೇಕಾದರೆ, ಏಕೆ ಬಳಸಿದೆವು, ಯಾವಾಗ ತೆಗೆಯಬೇಕು ಎಂದು ಪಕ್ಕದಲ್ಲೇ ಒಂದು ಸಾಲು ಬರೆದಿಡುವುದು ಒಳ್ಳೆಯದು.

ಇವುಗಳಲ್ಲಿ ಯಾವ ದಾರಿ ಹಿಡಿದರೂ ಕೊನೆಯ ಹೆಜ್ಜೆ ಒಂದೇ. ಹಳೆಯ ಉತ್ಪಾದಿತ ಕಡತಗಳನ್ನೆಲ್ಲ ಅಳಿಸಿ, ಹೊಸದಾಗಿ ಉತ್ಪಾದಿಸಿ, ಪರೀಕ್ಷಿಸಬೇಕು. ಆವೃತ್ತಿಗಳನ್ನು ಸರಿಪಡಿಸಿಯೂ ದೋಷ ಹೋಗಲಿಲ್ಲ ಎನ್ನುವವರು ಅನೇಕ ವೇಳೆ ಮರೆತಿರುವುದು ಇದನ್ನೇ. ಉತ್ಪಾದಿತ ಕಡತದೊಳಗೆ ಕೈಯಾಡಿಸಿ ತಿದ್ದುವುದಂತೂ ನಮೂನೆಯ ಮೇಲೆ ಪೆನ್ನಿನಲ್ಲಿ ಗೀಚಿದಂತೆ.

ಜಾವಾ ಬಳಸುವವರಿಗೆ ಒಂದು ಕಿವಿಮಾತು. ಕೆಲವೊಮ್ಮೆ ತಿಕ್ಕಾಟ ಆವೃತ್ತಿ ಸಂಖ್ಯೆಯದಲ್ಲ, ಸರದಿಯದು. ಲೋಂಬೋಕ್ ಬರೆಯುವ ಕೋಡನ್ನು ನೋಡಿಕೊಂಡೇ ಮ್ಯಾಪ್‌ಸ್ಟ್ರಕ್ಟ್ ತನ್ನ ಕೋಡ್ ಬರೆಯಬೇಕು. ಲೋಂಬೋಕ್ 1.18.16 ಆವೃತ್ತಿಯಿಂದ ಇವೆರಡನ್ನು ಬೆಸೆಯಲು ಲೋಂಬೋಕ್ ಮ್ಯಾಪ್‌ಸ್ಟ್ರಕ್ಟ್ ಬೈಂಡಿಂಗ್ ಎಂಬ ಪುಟ್ಟ ಕೊಂಡಿಯನ್ನು ಸೇರಿಸಬೇಕಾಗಿದೆ. ಅದಿಲ್ಲದಿದ್ದರೆ, ಕಣ್ಣೆದುರೇ ಇರುವ ಅಂಶವನ್ನು ಮ್ಯಾಪ್‌ಸ್ಟ್ರಕ್ಟ್ ಇಲ್ಲವೆಂದು ಹೇಳುತ್ತದೆ.

ಬೀಗ ಹಾಕುವ ಕಡತ

ರೋಗ ಬಂದ ಮೇಲಿನ ಮದ್ದಿಗಿಂತ ಬಾರದಂತೆ ನೋಡಿಕೊಳ್ಳುವುದು ಲೇಸು. ಅದಕ್ಕಿರುವ ಸಾಧನ ಲಾಕ್ ಕಡತ. ಒಮ್ಮೆ ಎಲ್ಲ ಹೊಂದಿಕೆಯಾದಾಗ, ಹೇಳದೆ ಬಂದವುಗಳೂ ಸೇರಿದಂತೆ ಪ್ರತಿ ಲೈಬ್ರರಿಯ ನಿಖರ ಆವೃತ್ತಿಯನ್ನು ಉಪಕರಣವೇ ಒಂದು ಕಡತದಲ್ಲಿ ಬರೆದಿಡುತ್ತದೆ. ಎನ್‌ಪಿಎಂ, ಪಬ್, ಪೊಯೆಟ್ರಿ ಮೂರೂ ಇದನ್ನು ಮಾಡುತ್ತವೆ. ಅಪ್ಲಿಕೇಶನ್‌ನ ಮೂಲ ಕೋಡ್ ಜೊತೆಗೆ ಲಾಕ್ ಕಡತವನ್ನೂ ಕಾಪಾಡಿದರೆ, ಪುತ್ತೂರಿನ ಲ್ಯಾಬ್‌ನಲ್ಲಿ ಓಡಿದ್ದು ಬೆಂಗಳೂರಿನ ಲ್ಯಾಪ್‌ಟಾಪ್‌ನಲ್ಲೂ ಅದೇ ಲೈಬ್ರರಿಗಳೊಂದಿಗೆ ಓಡುತ್ತದೆ. ಲಾಕ್ ಕಡತವನ್ನು ಕಸವೆಂದು ಅಳಿಸುವುದು ಜಮೀನಿನ ನಕ್ಷೆಯನ್ನು ಒಲೆಗೆ ಹಾಕಿದಂತೆ.

ಆದರೆ ಲಾಕ್ ಕಡತದ ಕಣ್ಣು ಎಲ್ಲವನ್ನೂ ಮುಟ್ಟುವುದಿಲ್ಲ. ಪ್ರೊಟೊಬಫ್‌ನ ಜನರೇಟರನ್ನು ಗಣಕದಲ್ಲಿ ಪ್ರತ್ಯೇಕವಾಗಿ ಸ್ಥಾಪಿಸಿದ್ದರೆ ಅದರ ಆವೃತ್ತಿ ಅಲ್ಲಿ ದಾಖಲಾಗಿರುವುದಿಲ್ಲ. ಜಾವಾದ ಆವೃತ್ತಿ, ಫ್ಲಟ್ಟರ್‌ನ ಆವೃತ್ತಿ ಕೂಡ ಹಾಗೆಯೇ. ಗ್ರೇಡಲ್ ರ‍್ಯಾಪರ್ ಗ್ರೇಡಲ್‌ನ ಆವೃತ್ತಿಯನ್ನು ಪ್ರಾಜೆಕ್ಟ್‌ನೊಳಗೇ ಬರೆದಿಡುತ್ತದೆ. ಉಳಿದವನ್ನು ನಾವೇ ಒಂದು ಟಿಪ್ಪಣಿಯಲ್ಲಿ ಬರೆದಿಡಬೇಕು. ಜನರೇಟರ್‌ಗಳ ತಿಕ್ಕಾಟದಲ್ಲಿ ಅರ್ಧ ಪಾಲು ತಲೆನೋವು ಇಲ್ಲಿಂದಲೇ ಹುಟ್ಟುತ್ತದೆ: ಲೈಬ್ರರಿಗೆ ಬೀಗವಿದೆ, ಅದಕ್ಕೆ ಕೋಡ್ ಬರೆಯುವ ಯಂತ್ರಕ್ಕಿಲ್ಲ.

ನಮ್ಮ ಭಾಗದವರಿಗೆ ಇನ್ನೊಂದು ಮಾತು ಸಲ್ಲುತ್ತದೆ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗ್ರಾಮವೊಂದರಲ್ಲಿ, ಸಿಗ್ನಲ್‌ಗಾಗಿ ಮಳೆಯಲ್ಲಿ ರಸ್ತೆ ಬದಿ ಕುಳಿತು ಪಾಠ ಕೇಳುತ್ತಿದ್ದ ವಿದ್ಯಾರ್ಥಿನಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತು. ಅಂಥ ಊರಿನಲ್ಲಿ ಆವೃತ್ತಿ ಬದಲಾದಾಗಲೆಲ್ಲ ನೂರಾರು ಲೈಬ್ರರಿಗಳನ್ನು ಮತ್ತೆ ಇಳಿಸಿಕೊಳ್ಳುವುದು ಸುಲಭವಲ್ಲ. ಮೇವನ್, ಗ್ರೇಡಲ್, ಪಬ್ ಮೂರಕ್ಕೂ ಆಫ್‌ಲೈನ್ ಆಯ್ಕೆಯಿದೆ. ಒಮ್ಮೆ ಇಳಿಸಿದ ಲೈಬ್ರರಿಗಳನ್ನೇ ಅವು ಗಣಕದಿಂದ ಎತ್ತಿಕೊಳ್ಳುತ್ತವೆ. ಪೈಥಾನ್‌ನಲ್ಲಿ ಪಿಪ್ ಡೌನ್‌ಲೋಡ್ ಆದೇಶದಿಂದ ಎಲ್ಲವನ್ನೂ ಒಂದು ಫೋಲ್ಡರಿಗೆ ತುಂಬಿ ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು. ಪರಿಚಯವಿಲ್ಲದ ಗಣಕದಲ್ಲಿ ಪ್ರದರ್ಶನ ಕೊಡಬೇಕಾದ ವಿದ್ಯಾರ್ಥಿಗಳು ಹಿಂದಿನ ದಿನವೇ ಇದನ್ನು ಮಾಡಿಟ್ಟುಕೊಂಡರೆ ನಿಶ್ಚಿಂತೆ.

ಬೀಗ ತುಕ್ಕು ಹಿಡಿಯಬಾರದು

ಹಾಗಾದರೆ ಒಮ್ಮೆ ಬೀಗ ಹಾಕಿ ಮರೆತುಬಿಡಬಹುದೇ? ಅದೂ ಸಲ್ಲದು. 2021ರ ಡಿಸೆಂಬರ್‌ನಲ್ಲಿ ಜಾವಾದ ಲಾಗ್‌ಫೋರ್‌ಜೆ ಲೈಬ್ರರಿಯಲ್ಲಿ ಅತ್ಯಂತ ಗಂಭೀರ ಭದ್ರತಾ ದೋಷ ಬೆಳಕಿಗೆ ಬಂತು. ದೂರದಲ್ಲಿ ಕುಳಿತವರು ಒಂದು ಸಾಲು ಅಕ್ಷರಗಳನ್ನು ಕಳುಹಿಸಿ ಸರ್ವರ್ ಮೇಲೆ ಹಿಡಿತ ಸಾಧಿಸಲು ಅದು ಅವಕಾಶ ಕೊಡುತ್ತಿತ್ತು. ಅದೇ ತಿಂಗಳಲ್ಲಿ 2.15, 2.16, 2.17 ಎಂದು ಒಂದರ ಹಿಂದೊಂದು ತಿದ್ದುಪಡಿಗಳು ಬಂದವು. ಅನೇಕ ಸಂಸ್ಥೆಗಳಿಗೆ ತಮ್ಮ ತಂತ್ರಾಂಶದೊಳಗೆ ಆ ಲೈಬ್ರರಿ ಇದೆಯೆಂಬುದೇ ತಿಳಿದಿರಲಿಲ್ಲ. ಏಕೆಂದರೆ ಅವರು ಅದನ್ನು ಕರೆದಿರಲಿಲ್ಲ, ಬೇರೊಂದರ ಬೆನ್ನ ಹಿಂದೆ ಅದು ಬಂದು ಕುಳಿತಿತ್ತು. ವರ್ಷಗಟ್ಟಲೆ ಹಳೆಯ ಆವೃತ್ತಿಗೆ ಅಂಟಿಕೊಂಡಿದ್ದವರಿಗೆ, ತುರ್ತು ತಿದ್ದುಪಡಿ ಸೇರಿಸುವ ಮುನ್ನ ಹತ್ತಾರು ತಿಕ್ಕಾಟಗಳನ್ನು ಬಿಡಿಸಬೇಕಾಗಿ ಬಂತು.

ಆದ್ದರಿಂದ ನಡುವಿನ ದಾರಿಯೇ ಲೇಸು. ಬೀಗ ಇರಲಿ; ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಅದನ್ನು ನಾವೇ ತೆರೆದು, ಒಂದೊಂದೇ ಲೈಬ್ರರಿಯನ್ನು ಮೇಲಕ್ಕೇರಿಸಿ, ಕೋಡನ್ನು ಮರು ಉತ್ಪಾದಿಸಿ, ಪರೀಕ್ಷಿಸಿ, ಮತ್ತೆ ಬೀಗ ಹಾಕೋಣ. ಜನರೇಟರ್ ಮತ್ತು ಅದನ್ನು ನಡೆಸುವ ಲೈಬ್ರರಿಯನ್ನು ಜೋಡಿಯಾಗಿಯೇ ಏರಿಸೋಣ, ಜೋಡಿಯಾಗಿಯೇ ಇಳಿಸೋಣ. ಹಬ್ಬಕ್ಕೆ ಮುಂಚೆ ಒಂದೇ ದಿನ ಇಡೀ ಮನೆ ಗುಡಿಸುವುದಕ್ಕಿಂತ ದಿನಕ್ಕೊಂದು ಕೋಣೆ ಗುಡಿಸುವುದು ಹಗುರ.

ಆವೃತ್ತಿ ತಿಕ್ಕಾಟ ತಂತ್ರಾಂಶಕ್ಕೆ ಅಂಟಿದ ಶಾಪವಲ್ಲ. ಸಾವಿರಾರು ಅಪರಿಚಿತರು ಬರೆದು ಹಂಚಿದ ಕೆಲಸವನ್ನು ನಾವು ಉಚಿತವಾಗಿ ಬಳಸುತ್ತೇವೆ. ಅವರವರ ಕಾಲ, ಅವರವರ ಗತಿ ಬೇರೆ ಬೇರೆ. ಆ ಗತಿಗಳನ್ನು ಹೊಂದಿಸಿಕೊಳ್ಳುವ ಹೊಣೆ ಬಳಸುವವರದು. ಯಾವ ಪಟ್ಟಿಯಿಂದ, ಯಾವ ಯಂತ್ರ, ಯಾವ ನಮೂನೆಯನ್ನು ಮುದ್ರಿಸಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡವರ ಪ್ರಾಜೆಕ್ಟ್, ಪರೀಕ್ಷಕರ ಎದುರೂ ಗ್ರಾಹಕರ ಎದುರೂ ತೆರೆದುಕೊಳ್ಳುತ್ತದೆ.